ಬರಿದಾಗದ ಭರಣಿ

ಆ ಭರಣಿ ಈಗಲೂ ನನ್ನ ಕಣ್ಣ ಮುಂದಿದೆ. ಹೆಂಗಸರ ಸರ್ಜರಿ ವಾರ್ಡಿನಲ್ಲಿ, ಪೂರ್ವದ ಕಿಟಕಿಯ ಕಟ್ಟೆಯ ಮೇಲೆ, ದಪ್ಪ ಗಾಜಿನ, ಹೊಟ್ಟೆ ಉಬ್ಬಿದ, ಬೆಂಡಿನ ಬಿರಡೆ ಹಾಕಿದ ಭರಣಿ. ಬೆಳಗಿನ ಬಿಸಿಲು ಬಿದ್ದಾಗ ಅದರೊಳಗಿನ ತೆಳು ಹಳದಿ ಲೋಷನ್ ಹೊಳೆಯುತ್ತಿತ್ತು. ಗಾಯ ತೊಳೆಯಲು, ಕತ್ತರಿ ಚಿಮಟಗಳನ್ನು ಅದ್ದಿಡಲು, ನಮ್ಮ ಕೈಗಳನ್ನು ಅದ್ದಿಕೊಳ್ಳಲು, ಎಲ್ಲಕ್ಕೂ ಅದೇ. ನಾನು ಆ ವಾರ್ಡಿನ ಸಿಸ್ಟರ್ ಆಗಿದ್ದ ಹನ್ನೊಂದು ವರ್ಷಗಳಲ್ಲಿ ಅದು ಒಂದು ದಿನವೂ ಬರಿದಾಗಲಿಲ್ಲ. ಹಾಗೆಂದು ನಾನು ನಂಬಿಕೊಂಡಿದ್ದೆ.

ಬರಿದಾಗಲು ಬಿಡುವ ಜಾಯಮಾನವೇ ನನ್ನದಲ್ಲ. ನಮ್ಮ ತವರಿನಲ್ಲಿ ಅಕ್ಕಿಯ ಡಬ್ಬಿಯ ತಳ ಕಾಣುವುದಕ್ಕೆ ಮೊದಲೇ ಹೊಸ ಅಕ್ಕಿ ಸುರಿಯಬೇಕು, ಹಳೆಯ ಒಂದು ಹಿಡಿಯಾದರೂ ಕೆಳಗಿರಬೇಕು. ತಳ ಕೆರೆದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಅವ್ವ ಬೈಯುತ್ತಿದ್ದಳು. ಆ ಪಾಠವನ್ನೇ ನಾನು ಆಸ್ಪತ್ರೆಗೂ ತಂದಿದ್ದೆ. ದಿನಾ ಬೆಳಗ್ಗೆ ಡ್ಯೂಟಿಗೆ ಬಂದವಳೇ ಭರಣಿಯಲ್ಲಿ ಇಳಿದಿದ್ದಷ್ಟು ಹೊಸ ಲೋಷನ್ ಹುಯ್ದು ಕುತ್ತಿಗೆಯವರೆಗೆ ತುಂಬಿಸುತ್ತಿದ್ದೆ. ಅದನ್ನು ಖಾಲಿ ಮಾಡಿ ತೊಳೆಯಬೇಕು ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ. ಕೊಳೆ ತೆಗೆಯುವ ಸೋಪಿಗೆ ಯಾರಾದರೂ ಸೋಪು ಹಚ್ಚಿ ತೊಳೆಯುತ್ತಾರೆಯೇ?

ನನ್ನ ವಾರ್ಡಿನ ಬಗ್ಗೆ ನನಗೆ ಜಂಬವಿತ್ತು, ಮುಚ್ಚಿಡುವುದೇಕೆ. ಹದಿನಾರು ಹಾಸಿಗೆ, ಹದಿನಾರರ ಚಾದರವೂ ಒಂದೇ ಗೆರೆಯಲ್ಲಿ. ಮಂಚದ ಕಾಲಿನ ಮೇಲೆ ಬೆರಳೆಳೆದು ಧೂಳು ಹುಡುಕುವುದು ನನ್ನ ಚಟ. ಹುಡುಕಿ ಸಿಕ್ಕರೆ ಅದನ್ನು ಕೆಂಪಾಜಮ್ಮನ ಮೂಗಿನ ಹತ್ತಿರ ಹಿಡಿದು "ಇದೇನು?" ಎಂದು ಕೇಳುವುದು ಇನ್ನೊಂದು ಚಟ.

ಕೆಂಪಾಜಮ್ಮ ನಮ್ಮ ಆಯಾ. ನೆಲ ಒರೆಸುವುದು, ಮಲದ ಪಾತ್ರೆ ಎತ್ತುವುದು, ರಕ್ತ ಹತ್ತಿದ ಬಟ್ಟೆ ಒಗೆಯುವುದು ಅವಳ ಕೆಲಸ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷಕ್ಕಾದರೂ ಹಿರಿಯಳು, ಆದರೂ ನಾನು ಅವಳನ್ನು 'ನೀನು' ಎನ್ನುತ್ತಿದ್ದೆ, ಅವಳು ನನ್ನನ್ನು 'ಸಿಸ್ಟರಮ್ಮ' ಎನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಅದು ಯಾರಿಗೂ ಎದ್ದು ಕಾಣುವ ಸಂಗತಿಯಾಗಿರಲಿಲ್ಲ. ಮಾತು ಕಡಿಮೆ, ಕಣ್ಣು ಮಾತ್ರ ಚುರುಕು. ಆ ಕಣ್ಣೇ ನನಗೆ ಆಗುತ್ತಿರಲಿಲ್ಲ. ಏನನ್ನೋ ನೋಡಿ ಬಾಯಿ ಮುಚ್ಚಿಕೊಂಡವಳ ಹಾಗೆ ಇರುತ್ತಿದ್ದಳು.

ಮೊದಲ ಸಂಶಯ ಹುಟ್ಟಿದ್ದು ಒಂದು ಸೋಮವಾರ. ಶನಿವಾರ ಸಂಜೆ ಭರಣಿಗೆ ತುಂಬಿಸಿ ಹೋಗಿದ್ದೆ, ಭಾನುವಾರ ನನಗೆ ರಜೆ. ಸೋಮವಾರ ಬಂದು ನೋಡಿದರೆ ಭರಣಿ ತುಂಬಿಯೇ ಇದೆ, ಆದರೆ ಬೀರುವಿನಲ್ಲಿ ಶನಿವಾರವಷ್ಟೇ ತೆರೆದಿದ್ದ, ಲೋಷನ್ ಕಲಸುವ ಗಟ್ಟಿ ಔಷಧದ ಬಾಟಲಿಯಲ್ಲಿ ಅರ್ಧ ಇಳಿದಿದೆ. ಭಾನುವಾರದ ನರ್ಸನ್ನು ವಿಚಾರಿಸಿದೆ. ಆ ಪಾಳಿಗೆ ವಾರಕ್ಕೊಬ್ಬರು ಬರುತ್ತಿದ್ದರು. ಈ ವಾರದವಳು, "ಭರಣಿ ಖಾಲಿಯಾಗಿದೆ ಅಂತ ಕೆಂಪಾಜಮ್ಮ ಹೇಳಿದ್ರು ಸಿಸ್ಟರ್, ಹೊಸದಾಗಿ ಕಲಸಿ ತುಂಬಿಸಿದೆ" ಎಂದಳು.

ಶನಿವಾರ ಸಂಜೆ ತುಂಬಿದ ಭರಣಿ ಭಾನುವಾರ ಬೆಳಗ್ಗೆ ಖಾಲಿ! ನನ್ನ ತಲೆಯಲ್ಲಿ ಲೆಕ್ಕ ಥಟ್ಟನೆ ಕೂತಿತು. ಕದ್ದು ಮನೆಗೆ ಸಾಗಿಸುತ್ತಿದ್ದಾಳೆ. ಪರೀಕ್ಷಿಸಲೆಂದು ಮುಂದಿನ ಶನಿವಾರ ಭರಣಿಯ ಗಾಜಿಗೆ ಲೋಷನ್ನಿನ ಮಟ್ಟಕ್ಕೆ ಸರಿಯಾಗಿ ಬಿಳಿ ಪ್ಲಾಸ್ಟರಿನ ಚೂರೊಂದನ್ನು ಅಂಟಿಸಿ ಹೋದೆ. ಸೋಮವಾರ ಆ ಚೂರೇ ಇರಲಿಲ್ಲ. ಗಾಜು ಮಾತ್ರ ತಿಕ್ಕಿ ತೊಳೆದಂತೆ ಲಕಲಕ ಎನ್ನುತ್ತಿತ್ತು. ಸಾಕ್ಷಿಯನ್ನೂ ಕಿತ್ತುಹಾಕಿದ್ದಾಳೆ ಎಂದುಕೊಂಡೆ.

"ಕೆಂಪಾಜಮ್ಮ, ಭಾನುವಾರ ಭರಣಿ ಹತ್ತಿರ ನಿನಗೇನು ಕೆಲಸ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ಬೆಚ್ಚಿ ಸೆರಗು ಸರಿಮಾಡಿಕೊಂಡಳು. "ಏನೂ ತಕ್ಕೊಂಡು ಹೋಗಿಲ್ಲ ಸಿಸ್ಟರಮ್ಮ. ಅದರ ಒಳಗೆ ಒಂಥರಾ..."

"ಒಳಗೂ ಬೇಡ, ಹೊರಗೂ ಬೇಡ. ನೆಲ ನಿನ್ನದು, ಭರಣಿ ನನ್ನದು. ತಿಳೀತಾ?"

ಅವಳ ತುಟಿ ಇನ್ನೊಮ್ಮೆ ಅಲುಗಿತು. ನಾನು ಆಗಲೇ ಬೆನ್ನು ತಿರುಗಿಸಿದ್ದೆ.

ಆ ಶನಿವಾರದಿಂದ ಹೊಸ ಕಟ್ಟಳೆ ಮಾಡಿದೆ. ಭಾನುವಾರಕ್ಕೆ ಬೇಕಾದಷ್ಟು ಲೋಷನ್ನನ್ನು ಬೋಗುಣಿಯೊಂದಕ್ಕೆ ಬಗ್ಗಿಸಿ ಮುಚ್ಚಿಟ್ಟು, ಭರಣಿಯನ್ನು ಬೀರುವಿನೊಳಗೆ ಸೇರಿಸಿ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದೆ. ಕಳ್ಳತನ ನಿಂತಿತು. ನನಗೆ ಅಂದು ಬಂದ ನಿದ್ದೆ ಎಷ್ಟು ಸೊಗಸಾಗಿತ್ತು ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೂರನೆಯ ವಾರದಲ್ಲಿ, ಆರನೇ ಹಾಸಿಗೆಯ ಮುದುಕಿಯ ಪಟ್ಟಿ ಬಿಚ್ಚಿದಾಗ ಗಾಜ್ ಬಟ್ಟೆ ಹಸಿರಾಗಿತ್ತು. ಎಲೆಯ ಹಸಿರಲ್ಲ, ತಾಮ್ರಕ್ಕೆ ಕಿಲುಬು ಹಿಡಿದಾಗಿನ ಹಸಿರು. ಸಿಹಿ ಸಿಹಿಯಾದ ಒಂದು ಕೆಟ್ಟ ವಾಸನೆ. ಆಸ್ಪತ್ರೆಗೆ ಬರುವಾಗ ಇಲ್ಲದ ರೋಗ ಅದು, ನಮ್ಮಲ್ಲೇ ಅಂಟಿದ್ದು. ಆಮೇಲೆ ಎರಡನೇ ಹಾಸಿಗೆ, ಆಮೇಲೆ ಒಂಬತ್ತು. ಐದು ವಾರದಲ್ಲಿ ಏಳು ಜನರ ಗಾಯ ಕೀವಾಯಿತು.

ನಮ್ಮ ದೊಡ್ಡ ಡಾಕ್ಟರು ಒಳ್ಳೆಯ ಸರ್ಜನ್, ನಾಲಿಗೆ ಮಾತ್ರ ಅವರ ಕತ್ತಿಗಿಂತ ಹರಿತ. ರೌಂಡ್ಸಿಗೆ ಬಂದವರು ಎಲ್ಲರೆದುರು, "ನನ್ನ ಥಿಯೇಟರ್ ಕೊಳಕೋ ನಿಮ್ಮ ವಾರ್ಡ್ ಕೊಳಕೋ ಸಿಸ್ಟರ್? ಗಂಡಸರ ವಾರ್ಡಿಗೂ ನಾನೇ ಆಪರೇಷನ್ ಮಾಡ್ತೀನಿ. ಅಲ್ಲಿ ಒಬ್ಬನಿಗೂ ಹೀಗಾಗಿಲ್ಲ. ಹುಡುಕಿ" ಎಂದರು.

ಹುಡುಕಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹಾಸಿಗೆ, ಆಪರೇಷನ್, ಕೀವು ಕಂಡ ದಿನ, ಅಂದು ವಾರ್ಡಿನಲ್ಲಿ ಯಾರಿದ್ದರು, ಎಲ್ಲ ಬರೆದೆ. ಬರೆಯುವ ಮೊದಲೇ ಉತ್ತರ ಗೊತ್ತಿತ್ತು ಎನ್ನುವುದು ಬೇರೆ ಮಾತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳು ಕೈ ತೊಳೆದರೆ ಸರಿಯಾಗಿ ತೊಳೆಯಲಿಲ್ಲ ಅನ್ನಿಸುತ್ತಿತ್ತು. ಹೆಚ್ಚು ಹೊತ್ತು ತೊಳೆದರೆ ಯಾಕಿಷ್ಟು ತೊಳೆಯುತ್ತಾಳೆ ಅನ್ನಿಸುತ್ತಿತ್ತು. ಕಂಬದ ಮರೆಯಲ್ಲಿ ನಿಂತು ಅವಳು ನೆಲ ಒರೆಸುವ ನೀರು ಎಷ್ಟು ಸಲ ಬದಲಾಯಿಸುತ್ತಾಳೆಂದು ಎಣಿಸಿದ್ದೇನೆ. ಏಳು ಸಾಲಿನಲ್ಲೂ ಒಂದು ಹೆಸರು ಬಂತು: ಕೆಂಪಾಜಮ್ಮ.

ನೋಟ್‌ಬುಕ್ಕನ್ನು ದೊಡ್ಡ ಡಾಕ್ಟರ ಮುಂದಿಟ್ಟೆ. ಅವರು ಕಣ್ಣಾಡಿಸಿ, "ಇವಳನ್ನ ಇಟ್ಕೋಬೇಡಿ" ಎಂದರು. ಅಷ್ಟೇ. ನಾನು ವಾರ್ಡಿಗೆ ಬಂದು ಹದಿನಾರು ಹಾಸಿಗೆಗೂ ಕೇಳುವಂತೆ ಹೇಳಿದೆ: "ನಿನ್ನ ಕೈ ಸರಿಯಿಲ್ಲ ಕೆಂಪಾಜಮ್ಮ. ಈ ಕೀವೆಲ್ಲ ನಿನ್ನ ಕೈಯಿಂದ ಬಂದದ್ದು. ನಾಳೆಯಿಂದ ಬರಬೇಡ."

ಅವಳು ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು, ಮೊದಲು ಒಂದು, ಆಮೇಲೆ ಇನ್ನೊಂದು. ಬಟ್ಟೆ ಒಗೆಯುವ ಸೋಡಾದ ನೀರಿಗೆ ಬಿರಿದು ಬೆಳ್ಳಗಾಗಿದ್ದ ಕೈಗಳು. ಒರೆಸುವ ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹರಡಿ, "ಬರ್ತೀನಿ ಕಣ್ರವ್ವ" ಎಂದು ಹಾಸಿಗೆಗಳ ಕಡೆ ತಿರುಗಿ ಹೇಳಿ ಹೊರಟುಹೋದಳು. ನನಗೆ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿ ದುಡಿದಿದ್ದಳು.

ಅವಳು ಹೋದ ಮೂರನೆಯ ದಿನ ಸುಭದ್ರೆಗೆ ಆಪರೇಷನ್ ಆಯಿತು. ಪಿತ್ತಕೋಶದ ಕಲ್ಲು. ನಾಲ್ಕನೇ ಹಾಸಿಗೆ. ಮಾರ್ಕೆಟ್ಟಿನ ಹಿಂದೆ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ, ಮೂವತ್ತು ದಾಟದ ಹೆಣ್ಣು. ಪ್ರಜ್ಞೆ ಬಂದು ಎರಡನೇ ದಿನಕ್ಕೇ ತನ್ನ ಹೊಟ್ಟೆಯ ಹೊಲಿಗೆಯನ್ನು ಬಗ್ಗಿ ನೋಡಿ, "ಅಯ್ಯೋ ಸಿಸ್ಟರ್, ಡಾಕ್ಟರು ಕಚ್ಚಾ ಹೊಲಿಗೆ ಹಾಕವ್ರೆ. ಇಂಥದ್ದು ಹೊಲಿದ್ರೆ ನನ್ನ ಗಿರಾಕಿಗಳು ಬಟ್ಟೇನ ಮುಖದ ಮೇಲೆ ಎಸೀತಾರೆ" ಎಂದು ಎಲ್ಲರನ್ನೂ ನಗಿಸಿದಳು. ಅವರವರ ಗಾಯ ಹಿಡಿದುಕೊಂಡು ನಕ್ಕರು. ನನ್ನ ರವಿಕೆಯ ತೋಳು ಬಿಗಿಯಾಗಿದೆಯೆಂದು ಅವಳಿಗೆ ಮಲಗಿದಲ್ಲೇ ಕಂಡಿತ್ತು. ಬ್ಯಾಂಡೇಜ್ ಬಟ್ಟೆಯ ಪಟ್ಟಿಯೊಂದನ್ನು ಇಸಿದುಕೊಂಡು ನನ್ನ ತೋಳಿನ ಸುತ್ತಳತೆ ತೆಗೆದು ಗಂಟು ಹಾಕಿದಳು. "ಮನೆಗೆ ಹೋದ ಮೇಲೆ ಹೊಲಿದು ಕಳಿಸ್ತೀನಿ. ಇದನ್ನ ಕಳೀಬೇಡಿ."

ಈ ಹೆಣ್ಣಿಗೆ ಏನೂ ಆಗಕೂಡದು ಎಂದು ನಾನು ಹಟ ತೊಟ್ಟೆ. ಅವಳ ಗಾಯವನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ದಿನಕ್ಕೆ ಎರಡು ಸಲ ನಾನೇ ಭರಣಿಯಿಂದ ಹೊಸ ಬಟ್ಟಲಿಗೆ ಲೋಷನ್ ಬಗ್ಗಿಸಿ, ಕೈಯನ್ನು ಮೊಣಕೈವರೆಗೆ ಅದ್ದಿ, ಗಾಯದ ಮೂಲೆ ಮೂಲೆ ತೊಳೆದೆ.

ಐದನೆಯ ದಿನ ಗಾಜ್ ಬಟ್ಟೆ ಹಸಿರಾಯಿತು.

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಕೆಂಪಾಜಮ್ಮ ಆ ಗಾಯವನ್ನು ಕಣ್ಣಿನಿಂದ ಕೂಡ ನೋಡಿರಲಿಲ್ಲ. ಆದರೆ ಸಂಶಯಕ್ಕೆ ಒಂದು ಮನೆ ಮುಚ್ಚಿದರೆ ಇನ್ನೊಂದು ಮನೆ. ಅಗಸರವನು ಚಾದರಗಳನ್ನು ಎಲ್ಲಿ ಒಣಗಿಸುತ್ತಾನೋ ಎಂದೆ. ಸುಭದ್ರೆಯ ಅತ್ತೆ ದಿಂಬಿನ ಕೆಳಗೆ ಇಟ್ಟಿದ್ದ ದೇವರ ಬೂದಿಯ ಪೊಟ್ಟಣವನ್ನು ಕಿತ್ತೆಸೆದು, "ನಿಮ್ಮಿಂದಲೇ ಆಗಿದ್ದು ಇದು" ಎಂದು ಆ ಮುದುಕಿ ಅಳುವ ಹಾಗೆ ಬೈದೆ. ಒಂದು ಮಧ್ಯಾಹ್ನವಂತೂ ಕೆಂಪಾಜಮ್ಮ ಮಾಟ ಮಾಡಿಸಿರಬಹುದೇ ಎಂದು ಕೂಡ ಯೋಚಿಸಿದೆ. ಮೂರು ವರ್ಷ ನರ್ಸಿಂಗ್ ಓದಿದ ನಾನು.

ವಿಷ ರಕ್ತಕ್ಕೇರಿತು. ಹನ್ನೊಂದನೆಯ ದಿನ ಸುಭದ್ರೆ ತೀರಿಕೊಂಡಳು. ಅವಳ ಹಾಸಿಗೆ ಸುತ್ತುವಾಗ ನನ್ನ ಏಪ್ರನ್ನಿನ ಜೇಬಿನಲ್ಲಿ ಆ ಗಂಟು ಹಾಕಿದ ಪಟ್ಟಿ ಕೈಗೆ ಸಿಕ್ಕಿತು. ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಾರನೆಯ ದಿನ ಲ್ಯಾಬಿನ ಧರಣೇಂದ್ರಯ್ಯ ಡಾಕ್ಟರು ಬಂದರು. ಸೂಕ್ಷ್ಮದರ್ಶಕದ ಮುಂದೆ ಕೂತು ಕೂತು ಬೆನ್ನು ಬಾಗಿದ, ಯಾರ ಜೊತೆಗೂ ಹರಟದ ಮನುಷ್ಯ. ನನ್ನ ನೋಟ್‌ಬುಕ್ ಕೇಳಿದರು. ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಕೀವಾದವರನ್ನ ಬರೆದಿದ್ದೀರಿ. ವಾಸಿಯಾಗಿ ಹೋದವರು ಎಲ್ಲಿ?"

"ಅವರನ್ನ ಯಾಕೆ ಬರೀಬೇಕು ಡಾಕ್ಟ್ರೇ?"

"ಅವರ ನೆಲ ಒರೆಸಿದ್ದು ಯಾರು?"

"ಕೆಂಪಾಜಮ್ಮನೇ."

"ಹಾಗಾದರೆ ಆ ಹೆಸರಿನಿಂದ ಏನೂ ತಿಳಿಯೋದಿಲ್ಲ." ಮತ್ತೆ ಪುಟ ತಿರುಗಿಸಿದರು. "ಇಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ. ಪ್ರತಿ ದಿನ ವಾರ್ಡಿನಲ್ಲಿದ್ದವರು."

"ಯಾರದು?"

"ಬರೆದವರದು."

ನನಗೆ ರೇಗಿತು. "ನನ್ನ ಕೈ ನೋಡ್ತೀರಾ? ನೋಡಿ" ಎಂದು ಚಾಚಿದೆ. ಅವರು ನಿಜವಾಗಿಯೂ ನೋಡಿದರು. ಹತ್ತಿ ಸುತ್ತಿದ ಕಡ್ಡಿಯಿಂದ ನನ್ನ ಉಗುರುಸಂದಿ ಒರೆಸಿ ಕೊಳವೆಯಲ್ಲಿ ಇಟ್ಟುಕೊಂಡರು. ನಲ್ಲಿಯ ಬಾಯಿ, ಚಾದರ, ಬಟ್ಟಲು, ಕೊನೆಗೆ ಭರಣಿಯ ಬಿರಡೆ, ಎಲ್ಲದರಿಂದಲೂ ತೆಗೆದುಕೊಂಡರು. ಬಿರಡೆಯ ಹತ್ತಿರ ಬಂದಾಗ ನಾನು ನಕ್ಕೆ ಕೂಡ.

ಎರಡು ದಿನ ಬಿಟ್ಟು ಚೀಟಿ ಹಿಡಿದು ಬಂದರು. "ಭರಣಿ" ಎಂದರು.

"ಅದು ಲೋಷನ್ ಡಾಕ್ಟ್ರೇ. ಕ್ರಿಮಿ ಸಾಯಿಸೋ ಔಷಧಿ."

"ಹೊಸದಾಗಿದ್ದಾಗ ಸಾಯಿಸುತ್ತೆ. ಅದರಲ್ಲೇ ಬದುಕೋದನ್ನ ಕಲಿತ ಕ್ರಿಮಿಯೂ ಇದೆ. ಬೆಂಡಿನ ಬಿರಡೆಯ ತೂತಿನಲ್ಲಿ ಕೂತ್ಕೊಳುತ್ತೆ, ನೀರಿನಲ್ಲಿ ಬರುತ್ತೆ. ಹಳೆಯದರ ಮೇಲೆ ಹೊಸದು ಹುಯ್ದರೆ ಅದು ಸಾಯೋದಿಲ್ಲ, ಬೆಳೆಯುತ್ತೆ. ಸುಭದ್ರೆಯ ಗಾಯದಲ್ಲಿದ್ದದ್ದೂ ಇದೇ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದಿನಕ್ಕೆ ಎರಡು ಸಲ, ನನ್ನ ಕೈಯಾರೆ.

ಧರಣೇಂದ್ರಯ್ಯ ಡಾಕ್ಟರು ಹೊರಡದೆ ನಿಂತಿದ್ದರು. "ನನಗೆ ಅರ್ಥವಾಗದ್ದು ಒಂದಿದೆ ಸಿಸ್ಟರ್. ನೀವು ಹನ್ನೊಂದು ವರ್ಷದಿಂದ ಹೀಗೇ ಹುಯ್ಯುತ್ತಿದ್ದೀರಿ ಅಂತ ನರ್ಸುಗಳು ಹೇಳಿದರು. ಈಗ ಎರಡು ತಿಂಗಳಿಂದ ಮಾತ್ರ ಯಾಕೆ? ಮೊದಲ ಕೀವಿಗೆ ಮುಂಚೆ ಇಲ್ಲಿ ಏನು ಬದಲಾಯಿತು?"

"ಏನೂ ಇಲ್ಲ" ಎಂದೆ. ಹಾಗೆನ್ನುವಾಗ ನನ್ನ ಕೈ ತಾನಾಗಿ ಸೊಂಟದ ಬೀಗದ ಕೈ ಮೇಲೆ ಹೋಗಿತ್ತು.

ಕೆಂಪಾಜಮ್ಮನ ಮನೆ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ. ನಾನು ಹೋದಾಗ ಮಧ್ಯಾಹ್ನ. ಬಾಗಿಲ ಮುಂದೆ ಕೂತು ಮೊಸರಿನ ಗಡಿಗೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಒಳಗೆ ಕರೆಯಲಿಲ್ಲ. ನಾನೇ ಜಗಲಿಯ ಮೇಲೆ ಕೂತೆ.

"ಭಾನುವಾರ ಭರಣಿಗೆ ಏನು ಮಾಡ್ತಿದ್ರಿ ಕೆಂಪಾಜಮ್ಮ?"

'ನೀವು' ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಗಡಿಗೆಯನ್ನು ತಿರುಗಿಸುತ್ತ ಹೇಳಿದಳು: "ಚೆಲ್ತಿದ್ದೆ. ಸುಡೋ ನೀರು ಹುಯ್ದು ತಿಕ್ಕಿ, ಬಿರಡೆ ಕುದಿಸಿ, ಬಿಸಿಲಿಗೆ ಬೋರಲು ಹಾಕ್ತಿದ್ದೆ. ಒಣಗಿದ್ ಮೇಲೆ ಖಾಲಿ ಐತೆ ಅಂತ ನರ್ಸಮ್ಮನ ಕೈಲಿ ಹೊಸದು ತುಂಬಿಸ್ತಿದ್ದೆ. ಒಂಬತ್ತು ವರ್ಷದಿಂದ. ಒಳಗೆ ಲೋಳೆ ಕಟ್ತಿತ್ತು ಸಿಸ್ಟರಮ್ಮ, ಬೆರಳಿಗೆ ಹತ್ತೋದು. ಬತ್ತಾ ಬತ್ತಾ ಜಾಸ್ತಿ ಆತು. ಮೊದ್ಲು ಯಾವಾಗಲೋ ಒಂದ್ಸಲ ತೊಳೀತಿದ್ದೆ, ಆಮೇಲೆ ಒಂದು ವಾರಾನೂ ಬಿಡ್ಲಿಲ್ಲ."

"ಅದು ಔಷಧಿ ಅಲ್ವಾ, ಯಾಕೆ ತೊಳೀಬೇಕು ಅನ್ನಿಸಿತು?"

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಹಾಲಿಗೆ ಹೆಪ್ಪು ಹಾಕೋಕೆ ಎಷ್ಟು ಬೇಕು? ನಿನ್ನೆ ಮೊಸರು ಒಂದು ಚಮಚ. ನೀವು ದಿನಾ ನಿನ್ನೇದ್ರ ಮೇಲೇ ಹುಯ್ತಿದ್ರಿ. ನಂಗೆ ಓದು ಬರಾಕಿಲ್ಲ, ಗಡಿಗೆ ತೊಳ್ಯೋದು ಗೊತ್ತು."

"ನನಗೆ ಹೇಳಬಾರದಿತ್ತೇ?"

"ಹೇಳೋಕೆ ಬಂದೆ. ನೆಲ ನಿಂದು, ಭರಣಿ ನಂದು ಅಂದ್ರಿ."

ಗಲ್ಲಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಆಮೇಲೆ ಅವಳೇ ಕೇಳಿದಳು: "ಆ ಹೊಲಿಗೆ ಹೆಣ್ಮಗಳು ಹೋದ್ಲಂತೆ?"

"ಹೂಂ."

ಅವಳು ಗಡಿಗೆಯನ್ನು ಕೆಳಗಿಟ್ಟಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ವಾಪಸ್ ಬನ್ನಿ" ಎಂದೆ.

"ಬತ್ತೀನಿ. ನನ್ನ ಕೈ ಸರಿಯಿಲ್ಲ ಅಂತ ಹದಿನಾರು ಜನರ ಮುಂದೆ ಅಂದ್ರಲ್ಲ, ಅಷ್ಟೇ ಜನರ ಮುಂದೆ ಸರಿ ಐತೆ ಅಂತ ಹೇಳಿ. ಇಲ್ಲಾಂದ್ರೆ ಬರಾಕಿಲ್ಲ."

ಈಗ ನಿಜ ಹೇಳಬೇಕು. ಅಲ್ಲಿಂದ ಬಂದ ಮೇಲೆ ಎರಡು ದಿನ ನಾನು ಹಿಂದೆಮುಂದೆ ನೋಡಿದೆ. ಧರಣೇಂದ್ರಯ್ಯ ಡಾಕ್ಟರ ಚೀಟಿಯಲ್ಲಿ ಭರಣಿ ಎಂದಿತ್ತೇ ಹೊರತು ನನ್ನ ಹೆಸರಿರಲಿಲ್ಲ. ಭರಣಿ ಒಡೆದುಹಾಕಿ ಹೊಸದು ತಂದರೆ ಕೀವು ನಿಲ್ಲುತ್ತಿತ್ತು, ಕೆಂಪಾಜಮ್ಮ ಹೋದದ್ದರಿಂದಲೇ ನಿಂತಿತು ಎಂದು ಊರು ಹೇಳುತ್ತಿತ್ತು, ನಾನು ಅಚ್ಚುಕಟ್ಟಿನ ಸಿಸ್ಟರ್ ಆಗಿಯೇ ಉಳಿಯುತ್ತಿದ್ದೆ. ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಮುಚ್ಚಿ ಉಣ್ಣುವ ಆಸೆ ಮನುಷ್ಯನಿಗೆ ಬಿಡುವುದಿಲ್ಲ. ಆದರೆ ಕೆಲಸ ಹೋದವಳು ಬಾಗಿಲಲ್ಲಿ ಗಡಿಗೆ ತಿಕ್ಕುತ್ತ ಕೂತಿದ್ದಳು, ಜೇಬಿನಲ್ಲಿ ಆ ಪಟ್ಟಿಯಿತ್ತು.

ಸೋಮವಾರ ರೌಂಡ್ಸಿನಲ್ಲಿ, ದೊಡ್ಡ ಡಾಕ್ಟರ ಎದುರು, ಹದಿನಾರು ಹಾಸಿಗೆಗೂ ಕೇಳುವಂತೆ ಹೇಳಿದೆ. ಕೀವು ಬಂದದ್ದು ನನ್ನ ಭರಣಿಯಿಂದ, ನನ್ನ ಕೈಯಿಂದ. ಅದನ್ನು ಇಷ್ಟು ವರ್ಷ ತಡೆದದ್ದು ಕೆಂಪಾಜಮ್ಮನ ಕೈ. ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡು, "ಇದನ್ನೆಲ್ಲ ಇಲ್ಲಿ ಹೇಳೋ ಅಗತ್ಯ ಇರಲಿಲ್ಲ ಸಿಸ್ಟರ್" ಎಂದರು. ಆರನೇ ಹಾಸಿಗೆಯ ಮುದುಕಿ ಮಾತ್ರ ತನ್ನ ಪಟ್ಟಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು, "ಹಂಗಾದ್ರೆ ಇವತ್ತು ಯಾರು ತೊಳೀತಾರೆ?" ಎಂದು ಕೇಳಿದಳು.

ಸುಭದ್ರೆಯ ಅತ್ತೆಯ ಮನೆಗೂ ಹೋದೆ. ಪೂರ್ತಿ ಕೇಳಿಸಿಕೊಂಡು ಆ ಮುದುಕಿ, "ನನ್ನ ಬೂದಿಯಿಂದ ಆಯ್ತು ಅಂದಿದ್ರಿ. ನಾನು ದಿನಾ ದೇವರ ಮುಂದೆ ತಪ್ಪಾಯ್ತು ಅಂತ ಅಳ್ತಿದ್ದೆ" ಎಂದಳು. ಬಾಗಿಲು ಹಾಕಿಕೊಂಡಳು. ಆ ಬಾಗಿಲು ನನಗೆ ಮತ್ತೆ ತೆರೆಯಲಿಲ್ಲ, ತೆರೆಯಬೇಕಾಗಿಯೂ ಇರಲಿಲ್ಲ.

ಅಂದಿನಿಂದ ಸಂಶಯ ನನ್ನ ಕಡೆಗೆ ತಿರುಗಿತು. ಪಟ್ಟಿ ಬಿಚ್ಚಲು ಹೋದರೆ ರೋಗಿಗಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. "ತೊಳ್ಕೊಂಡ್ರಾ ಸಿಸ್ಟರ್?" ಎಂದು ಹೊಸದಾಗಿ ಬಂದ ಹುಡುಗಿಯರೂ ಕೇಳುತ್ತಿದ್ದರು, ಪಕ್ಕದ ಹಾಸಿಗೆಯವರು ಕಲಿಸಿಕೊಟ್ಟಿರುತ್ತಿದ್ದರು. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲಾಮೇಲೆ, ಕೇಳದೆ ಇರುವವರಿಗೂ ನಾನೇ ಕೈ ತೋರಿಸಿ ಕೂರುವುದನ್ನು ಕಲಿತೆ. ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಮೊದಲ ಹೆಸರು ನನ್ನದೇ ಬರೆದುಕೊಳ್ಳತೊಡಗಿದೆ, ವಾಸಿಯಾದವರ ಸಾಲಿನಲ್ಲೂ.

ಕೆಂಪಾಜಮ್ಮ ಬಂದದ್ದು ಆ ಸೋಮವಾರದ ಮಾರನೆಯ ಬೆಳಗ್ಗೆ. ಬಕೆಟ್ಟಿಗೆ ಕೈ ಹಾಕಲಿಲ್ಲ. ನೇರ ಕಿಟಕಿಯ ಹತ್ತಿರ ಹೋಗಿ ನನ್ನ ಕಡೆ ನೋಡಿ ನಿಂತಳು. ನಾನು ಸೊಂಟದಿಂದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿ ಇಟ್ಟೆ. ಅವಳು ಬೀರು ತೆಗೆದು, ಚೀಟಿ ಬಂದ ದಿನವೇ ನಾನು ಒಳಗಿಟ್ಟು ಬೀಗ ಹಾಕಿದ್ದ ಭರಣಿಯನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದಳು, ಕುದಿಯುವ ನೀರು ಹುಯ್ದು ತಿಕ್ಕಿದಳು, ಬಿರಡೆಯನ್ನು ಒಲೆಗೆ ಎಸೆದಳು. ಹದಿನಾರು ಹಾಸಿಗೆಯ ಕಣ್ಣುಗಳೂ ಅವಳ ಹಿಂದೆಯೇ ಹೋಗಿ ಬಂದವು.

ಕಟ್ಟೆಯ ಮೇಲೆ ಬಿಸಿಲಿಗೆ ಅದನ್ನು ಬೋರಲು ಹಾಕಿದಳು. ಒಳಗೆ ಹಳದಿ ಇರಲಿಲ್ಲ, ಬರಿಯ ಬೆಳಕು ಇತ್ತು. ಅಂಚಿನಲ್ಲಿ ಒಂದು ಹನಿ ಮಾತ್ರ ನಿಂತುಕೊಂಡಿತ್ತು. ಅದು ಜಾರುತ್ತದೆಂದು ನಾನು ಬಟ್ಟೆ ಹಿಡಿದು ಮುಂದೆ ಹೋದೆ.

"ಒರೆಸಬೇಡಿ, ತಾನೇ ಒಣಗಲಿ" ಎಂದಳು ಕೆಂಪಾಜಮ್ಮ.

ಅದು ಒಣಗುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.